ಕಾರು ಕಂಪನಿ ದಿವಾಳಿಯಾದರೆ ಷೋರೂಂ ಮಾಲೀಕನ ಪಾಡೇನು?

ಕೆಲವು ವರ್ಷಗಳ ಹಿಂದೆ ದಾವಣಗೆರೆ ಕಡೆಯ ಪರಿಚಯದವರೊಬ್ಬರ ಕಾರು ಷೋರೂಂಗೆ ಹೋಗಿದ್ದೆ. ಅವರು ಮಾರುತ್ತಿದ್ದ ಕಾರಿನ ಕಂಪನಿ ಬಾಗಿಲು ಮುಚ್ಚುತ್ತಿದೆ ಎಂಬ ಸುದ್ದಿ ಬಂದು ಎರಡು ವಾರ ಆಗಿತ್ತು. ಹಿಂದಿನ ಯಾರ್ಡ್‌ನಲ್ಲಿ 30 ಹೊಸ ಕಾರುಗಳು ಸಾಲಾಗಿ ನಿಂತಿದ್ದವು. ಸೀಟಿನ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು. ಗಾಜಿನ ಮೇಲೆಲ್ಲ ಧೂಳು. ಒಬ್ಬ ಹುಡುಗ ಕೀಲಿ ಗೊಂಚಲು ಹಿಡಿದು ಒಂದೊಂದೇ ಕಾರು ಹತ್ತಿ, ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಇಂಜಿನ್ ಓಡಲು ಬಿಟ್ಟು ಇಳಿಯುತ್ತಿದ್ದ. ಹಾಗೆ ಮಾಡದಿದ್ದರೆ ಬ್ಯಾಟರಿ ಡೌನ್ ಆಗುತ್ತದೆ. ಮಾಲೀಕರ ಟೇಬಲ್ ಮೇಲೆ ಒಂದು ನೋಟ್‌ಬುಕ್ ತೆರೆದಿತ್ತು. ಒಂದೊಂದು ಸಾಲಿನಲ್ಲೂ ಒಂದು ಚಾಸಿ ನಂಬರ್, ಬಿಲ್ ಆದ ತಾರೀಖು, ಪಕ್ಕದಲ್ಲಿ ಆವತ್ತಿನವರೆಗಿನ ಬಡ್ಡಿ.

"ನೋಡಪ್ಪ, ಇವೆಲ್ಲ ಕಂಪನಿ ಕಾರು ಅಂತ ಜನ ಅಂದ್ಕೊಂಡಿದಾರೆ. ಎಲ್ಲಾ ನನ್ನ ತಲೆ ಮೇಲೇ ಇರೋದು" ಎಂದರು.

ಈ ಮಾತು ಅರ್ಥವಾದರೆ ಮುಂದಿನದೆಲ್ಲ ಸುಲಭ. ಡೀಲರ್ ಕಮಿಷನ್‌ಗೆ ಕಾರು ಮಾರಿಕೊಡುವ ಏಜೆಂಟ್ ಅಲ್ಲ. ಅವನು ಕಂಪನಿಯಿಂದ ಕಾರು ಕೊಂಡುಕೊಳ್ಳುತ್ತಾನೆ, ಆಮೇಲೆ ನಮಗೆ ಮಾರುತ್ತಾನೆ. ಕಾರು ಕಾರ್ಖಾನೆಯಿಂದ ಬಿಲ್ ಆಗಿ ಹೊರಟಿತು ಅಂದರೆ ಸಾಮಾನ್ಯವಾಗಿ ಕಂಪನಿಗೆ ಅದರ ದುಡ್ಡು ಸೇರಿದಂತೆ. ಆ ದುಡ್ಡನ್ನು ಡೀಲರ್ ಪರವಾಗಿ ಕಟ್ಟುವುದು ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ. ನಮ್ಮಲ್ಲಿ ಇದನ್ನು ಇನ್ವೆಂಟರಿ ಫಂಡಿಂಗ್ ಅಂತಾರೆ, ಅಮೆರಿಕದಲ್ಲಿ ಫ್ಲೋರ್ ಪ್ಲಾನ್ ಅಂತಾರೆ. ಕಾರು ಮಾರಾಟವಾದ ಕೂಡಲೇ ಆ ಕಾರಿನ ಸಾಲ ತೀರಿಸಬೇಕು. ಅಲ್ಲಿಯವರೆಗೆ ಬಡ್ಡಿ ಓಡುತ್ತಿರುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ತಲಾ 10 ಲಕ್ಷದ 30 ಕಾರು ಯಾರ್ಡ್‌ನಲ್ಲಿವೆ ಎಂದುಕೊಳ್ಳಿ. ಒಟ್ಟು 3 ಕೋಟಿ. ವರ್ಷಕ್ಕೆ ನೂರಕ್ಕೆ 10ರ ಬಡ್ಡಿ ಎಂದರೆ ದಿನಕ್ಕೆ ಸುಮಾರು 8,200 ರೂಪಾಯಿ. ತಿಂಗಳಿಗೆ ಎರಡೂವರೆ ಲಕ್ಷ. ಒಂದು ಕಾರೂ ಮಾರಾಟವಾಗದೆ ಸುಮ್ನೆ ನಿಂತಿದ್ದಕ್ಕೆ ಇಷ್ಟು. ಕಂಪನಿ ಗಟ್ಟಿಯಾಗಿದ್ದಾಗ ಈ ಬಡ್ಡಿ ವ್ಯಾಪಾರದ ಒಂದು ಖರ್ಚು ಅಷ್ಟೇ. ಕಂಪನಿ ಮುಳುಗುತ್ತಿದೆ ಎಂಬ ಸುದ್ದಿ ಬಂದ ದಿನ ಎಲ್ಲ ಬದಲಾಗುತ್ತದೆ. ಗಿರಾಕಿ ಬರುವುದಿಲ್ಲ. ಬ್ಯಾಂಕಿನವರು ಬರುತ್ತಾರೆ. ಯಾರ್ಡ್‌ನಲ್ಲಿ ಎಷ್ಟು ಕಾರಿದೆ ಎಂದು ಎಣಿಸಿ, ಸಾಲದ ಲಿಮಿಟ್ ಇಳಿಸುತ್ತಾರೆ. ಹೊಸ ಅಡಮಾನ ಕೇಳುತ್ತಾರೆ. ಷೋರೂಂ ಸಾಲಕ್ಕೆ ಎಷ್ಟೋ ಜನ ಮನೆ, ನಿವೇಶನ, ಹೆಂಡತಿ ಹೆಸರಿನ ಆಸ್ತಿ ಎಲ್ಲವನ್ನೂ ಬರೆದುಕೊಟ್ಟಿರುತ್ತಾರೆ.

ಇನ್ನೊಂದು ಕಡೆ ಕಂಪನಿಯಿಂದ ಡೀಲರ್‌ಗೆ ಬರಬೇಕಾದ ದುಡ್ಡೂ ಇರುತ್ತದೆ. ವಾರಂಟಿಯಲ್ಲಿ ಪುಕ್ಕಟೆ ರಿಪೇರಿ ಮಾಡಿಕೊಟ್ಟ ಕಾರುಗಳ ಕ್ಲೈಮು, ಟಾರ್ಗೆಟ್ ಮುಟ್ಟಿದ್ದಕ್ಕೆ ಬರುವ ಸ್ಕೀಮ್ ದುಡ್ಡು, ಹಬ್ಬದ ಡಿಸ್ಕೌಂಟಿನಲ್ಲಿ ಕಂಪನಿಯ ಪಾಲು, ಶುರುವಿನಲ್ಲೇ ಇಟ್ಟ ಡೆಪಾಸಿಟ್. ಇವೆಲ್ಲ ಒಂದೆರಡು ತಿಂಗಳು ತಡವಾಗಿ ಬರುವುದೇ ವಾಡಿಕೆ. ಹಾಗಾಗಿ ದಿವಾಳಿ ಅರ್ಜಿ ಬಿದ್ದ ದಿನ ಡೀಲರ್ ಎರಡೂ ಕಡೆಯಿಂದ ಸಿಕ್ಕಿಬೀಳುತ್ತಾನೆ. ಕೊಡಬೇಕಾದ ಸಾಲ ನಿಲ್ಲುವುದಿಲ್ಲ, ಬರಬೇಕಾದ ದುಡ್ಡು ನಿಂತುಹೋಗುತ್ತದೆ.

ಕ್ರೈಸ್ಲರ್‌ನ 26 ದಿನ

ಈ ವಿಷಯದಲ್ಲಿ ಜಗತ್ತು ಕಂಡ ದೊಡ್ಡ ಉದಾಹರಣೆ 2009ರ ಅಮೆರಿಕ. ಏಪ್ರಿಲ್ 30ರಂದು ಕ್ರೈಸ್ಲರ್ ನ್ಯೂಯಾರ್ಕಿನ ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿತು. ಎರಡು ವಾರದ ಮೇಲೆ, ಮೇ 14ರಂದು, 789 ಡೀಲರ್‌ಗಳಿಗೆ ಕೊರಿಯರ್‌ನಲ್ಲಿ ಪತ್ರ ಬಂತು. ಜೂನ್ 9ರಿಂದ ನೀವು ನಮ್ಮ ಡೀಲರ್ ಅಲ್ಲ, ಎಂಬುದು ಪತ್ರದ ಸಾರ. ಕಂಪನಿಗೆ ಇದ್ದದ್ದು ಸುಮಾರು 3,200 ಡೀಲರ್‌ಗಳು. ನಾಲ್ಕರಲ್ಲಿ ಒಬ್ಬನನ್ನು ಒಂದೇ ದಿನ ಕೈಬಿಟ್ಟಿತು. ಅಜ್ಜನ ಕಾಲದಿಂದ ಅದೇ ಬ್ರಾಂಡ್ ಮಾರಿಕೊಂಡು ಬಂದಿದ್ದ ಸಣ್ಣ ಊರುಗಳ ಕುಟುಂಬಗಳೂ ಆ ಪಟ್ಟಿಯಲ್ಲಿದ್ದವು.

26 ದಿನದಲ್ಲಿ ಅವರು ಸ್ಟಾಕ್ ಖಾಲಿ ಮಾಡಬೇಕಿತ್ತು. ಉಳಿದ ಕಾರುಗಳನ್ನು ಕಂಪನಿ ವಾಪಸ್ ಕೊಳ್ಳುವುದಿಲ್ಲ ಎಂದಿತು. ಬೇರೆ ಡೀಲರ್‌ಗಳಿಗೆ ದಾಟಿಸಲು ಸಹಾಯ ಮಾಡುತ್ತೇವೆ ಎಂದಷ್ಟೇ ಹೇಳಿತು. ಈ ಡೀಲರ್ ಇನ್ನು ಕೆಲವೇ ದಿನ ಇರುತ್ತಾನೆ ಎಂದು ಊರಿಗೆಲ್ಲ ಗೊತ್ತಾದ ಮೇಲೆ ಯಾರು ಪೂರ್ತಿ ಬೆಲೆ ಕೊಡುತ್ತಾರೆ, ಅಲ್ವಾ? ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಯಿತು. ನನಗೆ ಅತಿ ಹೆಚ್ಚು ನೋವು ಕೊಡುವ ಸಂಗತಿ ಇನ್ನೊಂದಿದೆ. ಜೂನ್ 3ರಂದು ಅಮೆರಿಕದ ಸೆನೆಟ್ ಸಮಿತಿಯೊಂದು ವಿಚಾರಣೆ ನಡೆಸಿತು. ಅರ್ಜಿ ಹಾಕುವ ಮೊದಲಿನ ತಿಂಗಳುಗಳಲ್ಲಿ ಕ್ರೈಸ್ಲರ್ ತನ್ನ ಡೀಲರ್‌ಗಳಿಗೆ ಇನ್ನಷ್ಟು ಕಾರು ಎತ್ತಿ, ಕಂಪನಿ ಉಳಿಸಿ ಎಂದು ಒತ್ತಾಯ ಮಾಡಿತ್ತು ಎಂಬ ದೂರು ಆಗ ಜೋರಾಗಿ ಕೇಳಿಬಂತು. ಕಂಪನಿಯನ್ನು ನಂಬಿ ಸಾಲ ಮಾಡಿ ಕಾರು ಎತ್ತಿದವರ ಕೈಗೇ ಆ ಪತ್ರ ಬಂದಿತ್ತು.

ಇದು ಕಾನೂನಿನಲ್ಲಿ ಹೇಗೆ ಸಾಧ್ಯವಾಯಿತು? ಡೀಲರ್‌ಗಳಿಗೆ ಕಾನೂನಿನ ರಕ್ಷಣೆ ಅಮೆರಿಕದಲ್ಲಿ ಇರುವಷ್ಟು ಬೇರೆಡೆ ಸಿಗುವುದು ಕಷ್ಟ. ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಕಾರು ಡೀಲರ್‌ಗಳನ್ನು ಕಾಪಾಡುವ ಕಾನೂನಿದೆ. ಸರಿಯಾದ ಕಾರಣ ಇಲ್ಲದೆ ಒಪ್ಪಂದ ಮುರಿಯುವಂತಿಲ್ಲ. ಮುರಿದರೆ ಸ್ಟಾಕ್ ವಾಪಸ್ ಕೊಳ್ಳಬೇಕು ಎಂದೂ ಹಲವು ರಾಜ್ಯಗಳು ಹೇಳುತ್ತವೆ. ಅಲ್ಲಿನ ಕೇಂದ್ರ ಸರ್ಕಾರದ ಮಟ್ಟದಲ್ಲೂ 1956ರಿಂದ ಒಂದು ಕಾನೂನಿದೆ. ಆದರೆ ದಿವಾಳಿ ಕಾನೂನಿನ 365ನೇ ಸೆಕ್ಷನ್ ಕಂಪನಿಯ ಕೈಗೆ ಬೇರೊಂದು ಅಧಿಕಾರ ಕೊಡುತ್ತದೆ. ಇನ್ನೂ ನಡೆಯುತ್ತಿರುವ ಯಾವುದೇ ಒಪ್ಪಂದ ತನಗೆ ಹೊರೆ ಅನ್ನಿಸಿದರೆ, ಕೋರ್ಟಿನ ಒಪ್ಪಿಗೆ ಪಡೆದು ಅದನ್ನು ಕೈಬಿಡಬಹುದು. ಡೀಲರ್ ಒಪ್ಪಂದವೂ ಅದರಲ್ಲಿ ಸೇರುತ್ತದೆ. ಜೂನ್ 9ರಂದು ನ್ಯಾಯಾಧೀಶ ಆರ್ಥರ್ ಗೊನ್ಸಾಲೆಸ್ ಇದನ್ನು ಒಪ್ಪಿದರು. ರಾಜ್ಯಗಳ ರಕ್ಷಣೆ ಇಲ್ಲಿ ನಡೆಯುವುದಿಲ್ಲ ಎಂಬ ವಾದ ಗೆದ್ದಿತು. ಮರುದಿನವೇ ಫಿಯಟ್ ಜೊತೆಗಿನ ಹೊಸ ಕ್ರೈಸ್ಲರ್ ಹುಟ್ಟಿತು. ಕೈಬಿಟ್ಟ ಡೀಲರ್‌ಗಳು ಹಳೇ ಕಂಪನಿಯ ಅವಶೇಷದ ಮುಂದೆ ಕ್ಯೂ ನಿಂತರು. ನಷ್ಟ ಕೇಳುವ ಹಕ್ಕು ಕಾಗದದ ಮೇಲೆ ಇತ್ತು. ಆದರೆ ಅಡಮಾನ ಇಲ್ಲದ ಬಾಕಿಗಳ ಸಾಲಿನಲ್ಲಿ, ಬ್ಯಾಂಕುಗಳೆಲ್ಲ ತೆಗೆದುಕೊಂಡು ಹೋದ ಮೇಲೆ.

ಜನರಲ್ ಮೋಟಾರ್ಸ್ ಇಷ್ಟು ಕಠಿಣವಾಗಿ ನಡೆದುಕೊಳ್ಳಲಿಲ್ಲ. 2009ರ ಜೂನ್ 1ರಂದು ಅದೂ ದಿವಾಳಿ ಅರ್ಜಿ ಹಾಕಿತು. ಅದರ ಬಳಿ ಸುಮಾರು 6,000 ಡೀಲರ್‌ಗಳಿದ್ದರು. ಬೇಡವೆನಿಸಿದ ಡೀಲರ್‌ಗಳಿಗೆ ಅದು 2010ರ ಅಕ್ಟೋಬರ್‌ವರೆಗೆ ಸಮಯ ಕೊಟ್ಟಿತು. ಹೊಸ ಕಾರು ಕೊಡುವುದಿಲ್ಲ, ಆದರೆ ಇರುವ ಸ್ಟಾಕ್ ಮಾರಿ, ಸರ್ವಿಸ್ ನಡೆಸಿ, ಸ್ವಲ್ಪ ಪರಿಹಾರವನ್ನೂ ತಗೊಳ್ಳಿ, ಬದಲಿಗೆ ಕೇಸು ಹಾಕಬೇಡಿ ಎಂದಿತು. ಇಷ್ಟವೋ ಇಲ್ಲವೋ, ಬಹುಪಾಲು ಜನ ಸಹಿ ಹಾಕಿದರು. 26 ದಿನ ಎಲ್ಲಿ, ಒಂದೂ ಕಾಲು ವರ್ಷಕ್ಕೂ ಜಾಸ್ತಿ ಎಲ್ಲಿ. ಕಾನೂನು ಅದೇ, ಕೋರ್ಟೂ ಅದೇ ಊರಿನದು. ವ್ಯತ್ಯಾಸ ಮಾಡಿದ್ದು ಕೊಟ್ಟ ಸಮಯ.

ಡೀಲರ್‌ಗಳನ್ನು ಕಡಿಮೆ ಮಾಡಿದರೆ ಕಂಪನಿಗೆ ಉಳಿತಾಯ ಎಂಬ ವಾದ ಆಗ ಜೋರಾಗಿತ್ತು. ನನಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ. ಕಟ್ಟಡ ಡೀಲರ್‌ದು, ಸಂಬಳ ಡೀಲರ್‌ದು, ಕಾರಿನ ಮೇಲಿನ ಬಡ್ಡಿ ಡೀಲರ್‌ದು. ಕಂಪನಿಗೆ ಉಳಿಯುವುದೇನು? ಒಂದೇ ಬ್ರಾಂಡಿನ ಇಬ್ಬರು ಡೀಲರ್‌ಗಳು ಪಕ್ಕಪಕ್ಕದಲ್ಲಿ ಕೂತು ಬೆಲೆ ಕಡಿದಾಡಿದರೆ ಇಬ್ಬರೂ ಬಡವಾಗುತ್ತಾರೆ, ಷೋರೂಂ ಹಳತಾಗುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಆದರೆ ಹತ್ತಾರು ಮೈಲಿಗೆ ಒಂದೇ ಡೀಲರ್ ಇದ್ದ ಊರುಗಳಿಗೆ ಅದು ಅನ್ವಯಿಸುವುದಿಲ್ಲ. ಸರ್ಕಾರ ಕೊಟ್ಟ ನೆರವಿನ ಹಣದ ಮೇಲೆ ಕಣ್ಣಿಡಲು ನೇಮಕವಾಗಿದ್ದ ವಿಶೇಷ ತಪಾಸಣಾಧಿಕಾರಿ ನೀಲ್ ಬರೋಫ್ಸ್ಕಿ 2010ರ ಜುಲೈನಲ್ಲಿ ವರದಿ ಕೊಟ್ಟರು. ಎರಡು ಕಂಪನಿಗಳೂ ಸೇರಿ ಎರಡು ಸಾವಿರಕ್ಕೂ ಜಾಸ್ತಿ ಷೋರೂಂಗಳನ್ನು ಮುಚ್ಚುವ ಕೆಲಸವನ್ನು ಅಷ್ಟು ಅವಸರದಲ್ಲಿ ಮಾಡುವ ಅಗತ್ಯ ಇತ್ತೇ, ಹೋಗುವ ಕೆಲಸಗಳ ಲೆಕ್ಕವನ್ನು ಸರಿಯಾಗಿ ಹಾಕಿದ್ದರೇ ಎಂದು ಆ ವರದಿ ನೇರವಾಗಿ ಕೇಳಿತು.

ಅದಕ್ಕೂ ಮೊದಲೇ, 2009ರ ಡಿಸೆಂಬರ್‌ನಲ್ಲಿ, ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿ ಕೈಬಿಟ್ಟ ಡೀಲರ್‌ಗಳಿಗೆ ಮಧ್ಯಸ್ಥರ ಪಂಚಾಯಿತಿಗೆ ಹೋಗುವ ಹಕ್ಕು ಕೊಟ್ಟಿತ್ತು. ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ಮೂರು ತಿಂಗಳಲ್ಲಿ ಜನರಲ್ ಮೋಟಾರ್ಸ್ ತಾನೇ ಮುಂದೆ ಬಂದು 661 ಡೀಲರ್‌ಗಳಿಗೆ ವಾಪಸ್ ಬನ್ನಿ ಎಂದು ಪತ್ರ ಬರೆಯಿತು. ಸುಮಾರು ಹತ್ತು ತಿಂಗಳ ಹಿಂದೆ ಬೇಡವಾಗಿದ್ದವರು ಅಷ್ಟು ಬೇಗ ಬೇಕಾದರು ಎಂದರೆ, ಮೊದಲ ಪಟ್ಟಿ ಎಷ್ಟು ಯೋಚಿಸಿ ಮಾಡಿದ್ದು ಎಂಬ ಪ್ರಶ್ನೆ ಏಳುತ್ತದೆ. ಆದರೆ ಅಷ್ಟರಲ್ಲಿ ಎಷ್ಟೋ ಜನರ ಮೆಕ್ಯಾನಿಕ್‌ಗಳು ಬೇರೆ ಕಡೆ ಹೋಗಿದ್ದರು, ಕಟ್ಟಡ ಕೈಬಿಟ್ಟುಹೋಗಿತ್ತು.

ಉಳಿದವರು ಹೇಗೆ ಉಳಿದರು

ಇಷ್ಟು ಹೇಳಿ ಬಿಟ್ಟರೆ ಚಿತ್ರ ಅರ್ಧವಾಗುತ್ತದೆ. ಪಟ್ಟಿಯಲ್ಲಿ ಇಲ್ಲದ ಸಾವಿರಾರು ಡೀಲರ್‌ಗಳು ದಿವಾಳಿಯ ನಡುವೆಯೂ ಬಾಗಿಲು ತೆರೆದೇ ಇದ್ದರು. ಅವರನ್ನು ಕಾಪಾಡಿದ್ದು ಮೂರು ಸಂಗತಿ. ಮೊದಲ ದಿನವೇ ಕಂಪನಿಗಳು ಕೋರ್ಟಿಗೆ ಹೋಗಿ, ವಾರಂಟಿ ಕ್ಲೈಮು ಮತ್ತು ಸ್ಕೀಮ್ ದುಡ್ಡನ್ನು ಎಂದಿನಂತೆ ಕೊಡಲು ಅನುಮತಿ ಪಡೆದವು. ಕಾರು ಎತ್ತಲು ಸಾಲ ನಿಲ್ಲದಂತೆ ಸರ್ಕಾರ ಜಿಎಂಎಸಿ ಎಂಬ ಫೈನಾನ್ಸ್ ಕಂಪನಿಯ ಬೆನ್ನಿಗೆ ನಿಂತಿತು, ಕ್ರೈಸ್ಲರ್ ಡೀಲರ್‌ಗಳ ಸಾಲವೂ ಅದಕ್ಕೆ ಬಂತು. ಇನ್ನೊಂದು ಎಲ್ಲಕ್ಕಿಂತ ದೊಡ್ಡದು. 2009ರ ಮಾರ್ಚ್ 30ರಂದು, ಕ್ರೈಸ್ಲರ್ ಅರ್ಜಿಗೆ ಒಂದು ತಿಂಗಳು ಮೊದಲೇ, ಅಧ್ಯಕ್ಷ ಬರಾಕ್ ಒಬಾಮ ಟಿವಿಯಲ್ಲಿ ನಿಂತು, ಈ ಎರಡು ಕಂಪನಿಗಳ ಕಾರು ಕೊಂಡರೆ ವಾರಂಟಿಗೆ ಸರ್ಕಾರವೇ ಹೊಣೆ ಎಂದು ಜನರಿಗೆ ಭರವಸೆ ಕೊಟ್ಟರು.

ವಾರಂಟಿಗೆ ಯಾಕೆ ಅಷ್ಟು ಮಹತ್ವ? ದಿವಾಳಿಯಾದ ವಿಮಾನ ಕಂಪನಿಯ ಟಿಕೆಟ್ ತಗೊಂಡವನು ಎರಡು ಗಂಟೆ ಹಾರಿ ಇಳಿದುಬಿಡುತ್ತಾನೆ. ಕಾರು ಕೊಂಡವನು ಹತ್ತು ವರ್ಷ ಅದೇ ಕಂಪನಿಯನ್ನು ನಂಬಿರಬೇಕು. ಬಂಪರ್ ಸಿಗುತ್ತಾ, ಕ್ಲಚ್ ಪ್ಲೇಟ್ ಸಿಗುತ್ತಾ, ಮುಂದೆ ಮಾರಿದರೆ ಎಷ್ಟು ಬರುತ್ತೆ ಎಂದೆಲ್ಲ ಯೋಚಿಸುತ್ತಾನೆ. ಸುದ್ದಿ ಬಂದ ತಕ್ಷಣ ಅವನು ಪಕ್ಕದ ಷೋರೂಂಗೆ ಹೋಗುತ್ತಾನೆ, ಮಾರಾಟ ಬೀಳುತ್ತದೆ, ಬದುಕಬಹುದಾಗಿದ್ದ ಕಂಪನಿಯೂ ಸಾಯುತ್ತದೆ.

ಸರ್ಕಾರ ಬೆನ್ನಿಗಿಲ್ಲದ ಕಂಪನಿ ಏನಾಗುತ್ತದೆ ಎಂಬುದನ್ನು ಫಿಸ್ಕರ್ ತೋರಿಸಿತು. ಅಮೆರಿಕದ ಈ ಎಲೆಕ್ಟ್ರಿಕ್ ಕಾರು ಕಂಪನಿ ಮೊದಲು ನೇರವಾಗಿ ಗ್ರಾಹಕರಿಗೇ ಮಾರುತ್ತಿತ್ತು. ಅದು ನಡೆಯದೆ 2024ರ ಜನವರಿಯಲ್ಲಿ ಡೀಲರ್‌ಗಳನ್ನು ಹುಡುಕಲು ಶುರು ಮಾಡಿತು. ಮಾರ್ಚ್‌ನಲ್ಲಿ ಓಷನ್ ಕಾರಿನ ಬೆಲೆಯನ್ನು ಭಾರಿ ಇಳಿಸಿತು. ಕೆಲವು ಮಾದರಿಗಳಿಗೆ 24,000 ಡಾಲರ್‌ವರೆಗೆ. ಜೂನ್‌ನಲ್ಲಿ ದಿವಾಳಿ. ಅಂದರೆ ಹೊಸ ಡೀಲರ್ ಬೋರ್ಡ್ ಹಾಕಿ ಐದು ತಿಂಗಳೂ ಆಗಿರಲಿಲ್ಲ. ಉಳಿದ ಸುಮಾರು 3,300 ಕಾರುಗಳನ್ನು ನ್ಯೂಯಾರ್ಕಿನ ಒಂದು ಲೀಸಿಂಗ್ ಕಂಪನಿ ಸಗಟಾಗಿ ಕೊಂಡಿತು, ಒಂದಕ್ಕೆ ಸರಾಸರಿ 14,000 ಡಾಲರ್ ಲೆಕ್ಕದಲ್ಲಿ. ಆ ಬೆಲೆ ಪೇಪರಿನಲ್ಲಿ ಬಂದ ಮೇಲೆ ಷೋರೂಂನಲ್ಲಿ ನಿಂತ ಅದೇ ಕಾರಿಗೆ ಯಾರು ಎಷ್ಟು ಕೊಟ್ಟಾರು?

ಫಿಸ್ಕರ್ ಇನ್ನೊಂದು ಹೊಸ ತೊಂದರೆಯನ್ನೂ ಎದುರಿಗಿಟ್ಟಿತು. ಹಳೇ ಕಾಲದ ಕಾರಾದರೆ ಕಂಪನಿ ಹೋದರೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ಪಾರ್ಟ್ಸ್ ತಂದು ಓಡಿಸಬಹುದು. ಈಗಿನ ಇವಿ ಕಾರು ಕಂಪನಿಯ ಸರ್ವರ್ ಜೊತೆ ಮಾತಾಡುತ್ತಿರಬೇಕು. ಸಾಫ್ಟ್‌ವೇರ್ ಅಪ್‌ಡೇಟ್, ದೋಷ ಪತ್ತೆ, ಕೆಲವು ಸಲ ಕೀಲಿ ಜೋಡಿಸುವುದು ಕೂಡ ಅಲ್ಲಿಂದಲೇ. ಸಗಟಾಗಿ ಕೊಂಡ ಆ ಲೀಸಿಂಗ್ ಕಂಪನಿಗೂ ಸರ್ವರ್ ಸಂಪರ್ಕದ್ದೇ ದೊಡ್ಡ ಜಗಳವಾಯಿತು. ಮೆಕ್ಯಾನಿಕ್ ಎಷ್ಟೇ ಜಾಣನಾದರೂ ಡೀಲರ್ ಇಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ನಮ್ಮಲ್ಲಿ ಆದರೆ?

ಭಾರತದಲ್ಲಿ ದೊಡ್ಡ ಕಾರು ಕಂಪನಿಗಳು ಇತ್ತೀಚೆಗೆ ದಿವಾಳಿಯಾಗಿ ಹೋಗಿದ್ದಕ್ಕಿಂತ ಸಾಕು ಎಂದು ಹೊರಟುಹೋಗಿದ್ದೇ ಜಾಸ್ತಿ. ಜನರಲ್ ಮೋಟಾರ್ಸ್ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಡೀಲರ್‌ಗಳ ಒಕ್ಕೂಟ ಎಫ್‌ಎಡಿಎ ಆಗ ಕೊಟ್ಟ ಲೆಕ್ಕ ನೋಡಿ. 170 ಡೀಲರ್‌ಗಳು, 391 ಷೋರೂಂಗಳು, ಸುಮಾರು 2,000 ಕೋಟಿ ರೂಪಾಯಿ ಬಂಡವಾಳ, 40,000 ಕೆಲಸಗಾರರು. ಕಾರ್ಖಾನೆಗಳಲ್ಲಿ ನೇರವಾಗಿ ಇದ್ದವರು 4,000 ಮಾತ್ರ. ಐದು ತಿಂಗಳ ಹಿಂದಿನವರೆಗೂ ಹೊಸ ಡೀಲರ್‌ಗಳನ್ನು ನೇಮಿಸಿಕೊಂಡಿದ್ದರು ಎಂದೂ ಒಕ್ಕೂಟ ಹೇಳಿತು.

ಆದರೂ ಹೊರಟುಹೋಗುವುದಕ್ಕೂ ದಿವಾಳಿಗೂ ದೊಡ್ಡ ವ್ಯತ್ಯಾಸ ಇದೆ. ಹೊರಟ ಕಂಪನಿ ಎಲ್ಲೋ ಒಂದು ಕಡೆ ಬದುಕಿರುತ್ತದೆ. ಅದಕ್ಕೆ ಹೆಸರು ಉಳಿಸಿಕೊಳ್ಳಬೇಕು. ಪರಿಹಾರ ಸಾಕಾಗಲಿ ಬಿಡಲಿ, ಮಾತಾಡಲು ಎದುರಿಗೆ ಒಬ್ಬರು ಕೂತಿರುತ್ತಾರೆ, ಸರ್ವಿಸ್ ಮುಂದುವರಿಯುತ್ತದೆ. ದಿವಾಳಿಯಲ್ಲಿ ಎದುರಿಗೆ ಕೂರುವುದು ಕಂಪನಿಯಲ್ಲ. ಕಂಪನಿ ವ್ಯಾಜ್ಯಗಳ ನ್ಯಾಯಮಂಡಳಿ ಎನ್‌ಸಿಎಲ್‌ಟಿ ನೇಮಿಸಿದ ರೆಸಲ್ಯೂಷನ್ ಪ್ರೊಫೆಷನಲ್, ಅಂದರೆ ದಿವಾಳಿ ಪ್ರಕ್ರಿಯೆ ನಡೆಸುವವರು.

2016ರ ದಿವಾಳಿ ಸಂಹಿತೆಯಲ್ಲಿ ಡೀಲರ್‌ನ ಜಾಗ ಎಲ್ಲಿ? ಅರ್ಜಿ ಅಂಗೀಕಾರವಾದ ಕೂಡಲೇ 14ನೇ ಸೆಕ್ಷನ್ ಪ್ರಕಾರ ಕಂಪನಿಯ ಮೇಲಿನ ಎಲ್ಲ ವಸೂಲಿ ನಿಲ್ಲುತ್ತದೆ. ಡೀಲರ್ ಕೇಸು ಹಾಕುವಂತಿಲ್ಲ. ಬಾಕಿ ಇದೆ ಎಂದು ಕ್ಲೈಮು ಸಲ್ಲಿಸಿ ಕಾಯಬೇಕು. ವಾರಂಟಿ, ಸ್ಕೀಮ್ ಬಾಕಿಗಳಿಗೆ ಅವನು ಸಾಮಾನ್ಯವಾಗಿ ವ್ಯವಹಾರದ ಬಾಕಿದಾರ, ಬ್ಯಾಂಕಿನಂತೆ ಸಾಲ ಕೊಟ್ಟವನಲ್ಲ. ಕಂಪನಿಯ ಮುಂದಿನ ದಾರಿ ತೀರ್ಮಾನ ಮಾಡುವ ಸಮಿತಿಯಲ್ಲಿ ಮತ ಹಾಕುವ ಹಕ್ಕು ಬ್ಯಾಂಕುಗಳಿಗೆ, ಅವನಿಗಿಲ್ಲ. ಆಸ್ತಿ ಮಾರಿ ಹಂಚುವ ಹೊತ್ತು ಬಂದರೆ 53ನೇ ಸೆಕ್ಷನ್ನಿನ ಸಾಲಿನಲ್ಲಿ ಅಡಮಾನ ಇಟ್ಟುಕೊಂಡ ಬ್ಯಾಂಕು, ಕಾರ್ಮಿಕರು, ನೌಕರರು, ಉಳಿದ ಹಣಕಾಸು ಸಾಲದವರು, ಸರ್ಕಾರ ಎಲ್ಲ ಮುಗಿದ ಮೇಲೆ ಅವನ ಸರದಿ. ಕಾರ್ಮಿಕರು ಮುಂದಿರಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಷೋರೂಂನಲ್ಲಿ ಕೆಲಸ ಮಾಡುವ ಹುಡುಗರು ಕಂಪನಿಯ ಕಾರ್ಮಿಕರ ಲೆಕ್ಕಕ್ಕೇ ಬರುವುದಿಲ್ಲ. ಅವರ ಸಂಬಳದ ಬಾಕಿ ಡೀಲರ್ ತಲೆಗೇ.

ಎರಡು ತೀರ್ಪುಗಳನ್ನು ಪ್ರತಿ ಡೀಲರ್‌ನ ಲೆಕ್ಕಪರಿಶೋಧಕರೂ ಓದಿರಬೇಕು. ಎರಡೂ 2024ರ ಸುಪ್ರೀಂ ಕೋರ್ಟ್ ತೀರ್ಪುಗಳು. ಜನವರಿಯಲ್ಲಿ ಭಾರ್ತಿ ಏರ್‌ಟೆಲ್ ಪ್ರಕರಣದಲ್ಲಿ ಕೋರ್ಟು, ದಿವಾಳಿ ಪ್ರಕ್ರಿಯೆ ಶುರುವಾದ ಮೇಲೆ ಕೊಡುವ ಬಾಕಿಯನ್ನು ಬರುವ ಬಾಕಿಗೆ ವಜಾ ಹಾಕಿಕೊಳ್ಳುವಂತಿಲ್ಲ ಎಂದಿತು. ಒಪ್ಪಂದದಲ್ಲಿ ಮೊದಲೇ ಬರೆದು ಅರ್ಜಿಗೂ ಮುಂಚೆ ಜಾರಿಗೆ ಬಂದಿದ್ದರೆ, ಅಥವಾ ಒಂದೇ ವ್ಯವಹಾರಕ್ಕೆ ಅಂಟಿದ ಲೆಕ್ಕವಾದರೆ ಮಾತು ಬೇರೆ. ಅಂದರೆ ಕಂಪನಿ ನಿಮಗೆ 30 ಲಕ್ಷ ಕೊಡಬೇಕು, ನೀವು ಪಾರ್ಟ್ಸ್ ಬಾಬ್ತು 20 ಲಕ್ಷ ಕೊಡಬೇಕು ಎಂದಿದ್ದರೆ, 10 ಲಕ್ಷ ಬಾಕಿ ಎಂದು ಸುಲಭವಾಗಿ ಲೆಕ್ಕ ಮುಗಿಸಲಾಗದು. ನೀವು 20 ಪೂರ್ತಿ ಕಟ್ಟಿ, 30ಕ್ಕೆ ಕಾಯಬೇಕಾಗಬಹುದು. ಏಪ್ರಿಲ್‌ನಲ್ಲಿ ಬಂದ ಇನ್ನೊಂದು ತೀರ್ಪು ಸ್ವಲ್ಪ ಸಮಾಧಾನದ್ದು. ಬಿಯರ್ ತಯಾರಿಸುವ ಕಂಪನಿಯೊಂದರ ಮಾರಾಟಗಾರರು ಬಡ್ಡಿ ಕರಾರಿನ ಮೇಲೆ ಇಟ್ಟ ಡೆಪಾಸಿಟ್ಟನ್ನು ಕೋರ್ಟು ಹಣಕಾಸಿನ ಸಾಲ ಎಂದು ಪರಿಗಣಿಸಿತು. ಅಂಥವರಿಗೆ ಸಮಿತಿಯಲ್ಲಿ ಜಾಗ ಸಿಗುತ್ತದೆ. ಡೆಪಾಸಿಟ್ ರಸೀದಿಯಲ್ಲಿ ಬಡ್ಡಿಯ ಮಾತು ಇದೆಯಾ ಇಲ್ಲವಾ ಎಂಬುದು ಹಾಗಾಗಿ ಸಣ್ಣ ವಿಷಯ ಅಲ್ಲ.

ಗ್ರಾಹಕರ ಕಡೆಯಿಂದ ಬರುವ ಹೊಡೆತವೂ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 86ನೇ ಸೆಕ್ಷನ್ ಪ್ರಕಾರ, ತಯಾರಕನ ಮೇಲೆ ಆದೇಶ ಜಾರಿ ಮಾಡಲು ಆಗದಿದ್ದರೆ ಮಾರಿದವನನ್ನು ಹೊಣೆ ಮಾಡಬಹುದು. ಕಾರಿನ ದೋಷದಿಂದ ಯಾರಿಗಾದರೂ ಹಾನಿಯಾಗಿ, ಕಂಪನಿ ಹೆಸರಿಗೆ ಮಾತ್ರ ಉಳಿದಿದ್ದರೆ, ಕೇಸು ತಿರುಗುವುದು ಊರಲ್ಲಿ ಕಣ್ಣಿಗೆ ಕಾಣುವ ಷೋರೂಂ ಕಡೆಗೆ. ಬುಕಿಂಗ್ ಅಡ್ವಾನ್ಸ್ ತಗೊಂಡವನೂ ಅವನೇ, ರಸೀದಿ ಅವನದೇ.

ಇದು ದೂರದ ಭಯ ಎಂದುಕೊಳ್ಳಬೇಡಿ. ಹೀರೋ ಎಲೆಕ್ಟ್ರಿಕ್ ಒಂದು ಕಾಲಕ್ಕೆ ದೇಶದ ಅತಿ ದೊಡ್ಡ ಎಲೆಕ್ಟ್ರಿಕ್ ಸ್ಕೂಟರ್ ಹೆಸರಾಗಿತ್ತು. 2024ರ ಡಿಸೆಂಬರ್‌ನಲ್ಲಿ ಟೈರ್ ಕಂಪನಿಯೊಂದರ ಬಾಕಿಗಾಗಿ ದೆಹಲಿ ಎನ್‌ಸಿಎಲ್‌ಟಿ ಅದನ್ನು ದಿವಾಳಿ ಪ್ರಕ್ರಿಯೆಗೆ ತಂದಿತು. ಹಾಗೆಂದು ಹೆಸರು ಕೇಳಿದ ಕೂಡಲೇ ಗಾಬರಿಯಾಗಬೇಕಿಲ್ಲ. 2024ರ ನವೆಂಬರ್‌ನಲ್ಲಿ ಆಸ್ಟ್ರಿಯಾದ ಬೈಕ್ ಕಂಪನಿ ಕೆಟಿಎಂ ದಿವಾಳಿ ಅರ್ಜಿ ಹಾಕಿದಾಗ, ಅದರ ಡ್ಯೂಕ್ ಬೈಕ್ ಓಡಿಸುವ ಬೆಂಗಳೂರಿನ ಹುಡುಗರು ಹೆದರಿದ್ದರು. ಆದರೆ ನಮ್ಮಲ್ಲಿ ಓಡುವ ಡ್ಯೂಕ್‌ಗಳನ್ನು ಬಜಾಜ್ ಪುಣೆ ಬಳಿಯ ಚಾಕಣ್‌ನಲ್ಲಿ ತಯಾರಿಸುತ್ತದೆ, ಮಾರುವುದೂ ಅದೇ. ಆಮೇಲೆ ಹಣ ಹಾಕಿ ಕೆಟಿಎಂ ಉಳಿಸಿದ್ದೂ ಬಜಾಜ್. ಡೀಲರ್ ನೋಡಬೇಕಾದ್ದು ಬೋರ್ಡಿನ ಮೇಲಿನ ಹೆಸರನ್ನಲ್ಲ, ತನ್ನ ಒಪ್ಪಂದಕ್ಕೆ ಸಹಿ ಹಾಕಿದ ಕಂಪನಿ ಯಾವುದು, ಅದರ ಬೆನ್ನಿಗೆ ಯಾರಿದ್ದಾರೆ ಎಂಬುದನ್ನು.

ಡೀಲರ್‌ಗಳಿಗಾಗಿ ಪ್ರತ್ಯೇಕ ಕಾನೂನು ಬೇಕು ಎಂದು ಎಫ್‌ಎಡಿಎ ಬಹಳ ವರ್ಷಗಳಿಂದ ಕೇಳುತ್ತಿದೆ. ಸಂಸತ್ತಿನ ಸ್ಥಾಯಿ ಸಮಿತಿಯೂ 2020ರಲ್ಲಿ ಫ್ರಾಂಚೈಸಿ ರಕ್ಷಣಾ ಕಾನೂನು ಮಾಡಿ ಎಂದು ಶಿಫಾರಸು ಮಾಡಿತ್ತು. ಅಂಥ ಕಾನೂನು ಬರಬೇಕು ಎಂಬುದೇ ನನ್ನ ಅಭಿಪ್ರಾಯವೂ. ಆದರೆ ಕ್ರೈಸ್ಲರ್ ಡೀಲರ್‌ಗಳ ಬಳಿ ಅಂಥ ಕಾನೂನು ಬೇಕಾದಷ್ಟಿತ್ತು, ದಿವಾಳಿ ಕೋರ್ಟಿನಲ್ಲಿ ಕೆಲಸಕ್ಕೆ ಬರಲಿಲ್ಲ. ಹಾಗಾಗಿ ರಕ್ಷಣೆ ದಿವಾಳಿ ಸಂಹಿತೆಯ ಒಳಗೇ ಬರಬೇಕು. ಡೀಲರ್ ಡೆಪಾಸಿಟ್ ಕಂಪನಿಯ ದುಡ್ಡಿನ ಜೊತೆ ಬೆರೆಯದಂತೆ ಬೇರೆ ಖಾತೆಯಲ್ಲಿರಬೇಕು. ಕೊನೆಯ ಮೂರು ತಿಂಗಳಲ್ಲಿ ಎತ್ತಿಸಿದ ಕಾರುಗಳನ್ನು ವಾಪಸ್ ಕೊಳ್ಳುವ ಖರ್ಚು ಸಾಲಿನ ಮುಂದಕ್ಕೆ ಬರಬೇಕು. ಇಷ್ಟಾದರೆ ಮುಳುಗುವ ಕಂಪನಿ ತನ್ನ ನಷ್ಟವನ್ನು ಡೀಲರ್ ಯಾರ್ಡ್‌ಗೆ ಸಾಗಿಸುವುದಾದರೂ ಕಡಿಮೆಯಾಗುತ್ತದೆ.

ಹೋದ ತಿಂಗಳು ದಾವಣಗೆರೆಗೆ ಹೋದಾಗ ಆ ಅಣ್ಣನನ್ನು ನೋಡಿ ಬಂದೆ. ಅದೇ ಕಟ್ಟಡದಲ್ಲಿ ಈಗ ಎಲ್ಲ ಬ್ರಾಂಡಿನ ಕಾರುಗಳ ಸರ್ವಿಸ್ ನಡೆಯುತ್ತಿದೆ. ಹಳೇ ಗಿರಾಕಿಗಳು ಇನ್ನೂ ಬ್ರೇಕ್ ಪ್ಯಾಡ್ ಕೇಳಿಕೊಂಡು ಬರುತ್ತಾರೆ. ಟೇಬಲ್ ಮೇಲೆ ಹೊಸ ಇವಿ ಕಂಪನಿಯೊಂದರ ಡೀಲರ್ ಒಪ್ಪಂದದ ಕರಡು ಇತ್ತು. ಮುಚ್ಚುವ ಸಂದರ್ಭ ಬಂದರೆ ಸ್ಟಾಕ್ ಯಾರು ವಾಪಸ್ ತಗೊಳ್ಳುತ್ತಾರೆ ಎಂಬ ಜಾಗ ಹುಡುಕಿದ್ದರು, ಸಿಕ್ಕಿರಲಿಲ್ಲ. ಕೊನೆಯ ಪುಟದ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಆ ಪ್ರಶ್ನೆಯನ್ನು ಬರೆದು ಕಂಪನಿಗೆ ಕಳಿಸಿ ಮೂರು ವಾರ ಆಗಿತ್ತಂತೆ. ಉತ್ತರ ಬರುವವರೆಗೆ ಸಹಿ ಹಾಕುವುದಿಲ್ಲ ಎಂದರು.